ರೈಟ್ ಅನ್ನುವ ಮೊದಲೇ ಎದ್ದ ಯಂತ್ರ

ಕಥೆಯ ಬಾಗಿಲಲ್ಲಿ ಒಂದು ಗಾದೆಯನ್ನು ನಿಲ್ಲಿಸುವುದು ವಾಡಿಕೆ. ಆದರೆ ರೈಟಣ್ಣನ ಬಾಯಿಗೆ ಸಿಕ್ಕ ಗಾದೆಗಳೆಲ್ಲ ಅರ್ಧ ದಾರಿಯಲ್ಲಿ ಇಳಿದು, ಬೇರೆ ಬಸ್ಸು ಹತ್ತಿ, ಬೇರೆ ಯಾವುದೋ ಊರು ಸೇರುತ್ತಿದ್ದವಾದ್ದರಿಂದ ಅವನ ಕಥೆಗೆ ಆ ಮರ್ಯಾದೆ ಬೇಡ. ನೇರವಾಗಿ ಹೇಳಿಬಿಡೋಣ: ಇದು ನಡೆದ ಸಂಗತಿ, ಒಂದಕ್ಷರ ಸುಳ್ಳಿಲ್ಲ. ನಂಬಿಕೆ ಬಾರದವರು ಬಸ್ ನಿಲ್ದಾಣದ ಕ್ಷೌರದಂಗಡಿಗೆ ಹೋಗಿ ವಿಚಾರಿಸಬಹುದು. ಅರ್ಧ ಮೀಸೆಯಲ್ಲಿ ಎದ್ದುಹೋದ ಗಿರಾಕಿಗಳ ಮಾತೆತ್ತಿದರೆ ಸಾಕು, ಉಳಿದದ್ದನ್ನು ಕ್ಷೌರಿಕನೇ ಹೇಳುತ್ತಾನೆ. ಸಾಕು ಎಂದರೂ ಹೇಳುತ್ತಾನೆ.

ರೈಟಣ್ಣನನ್ನು ಆ ನಿಲ್ದಾಣದಲ್ಲಿ ಅರಿಯದವರಿಲ್ಲ. ಅವನ ನಿಜವಾದ ಹೆಸರು ಮಾತ್ರ ಸಂಬಳ ಬರೆಯುವ ಗುಮಾಸ್ತನೊಬ್ಬನಿಗೇ ಗೊತ್ತು. ಮಂಡಿ ಕೈಕೊಡುವ ತನಕ ಅವನು ಕಂಡಕ್ಟರಾಗಿದ್ದ. (ಮಂಡಿಗೆ ಕೈ ಎಲ್ಲಿಂದ ಬಂತು ಎಂಬುದನ್ನು ಡಾಕ್ಟರೇ ಹೇಳಬೇಕು.) ಅಷ್ಟು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ಜೋತಾಡಿ 'ರೈಟ್' ಎಂದು ಕೂಗಿದ ಅಭ್ಯಾಸ ನಾಲಿಗೆಗೆ ಅಂಟಿಕೊಂಡು, ಯಾವ ಮಾತಾಡಿದರೂ ಅದರ ಬಾಲಕ್ಕೊಂದು ರೈಟ್ ತಗುಲಿಕೊಳ್ಳುತ್ತಿತ್ತು. "ಆಪರೇಷನ್ ಮಾಡಿಸ್ಕೊಳ್ಳಿ" ಎಂದು ಡಾಕ್ಟರು ಹೇಳಿದಾಗ "ಖಂಡಿತ ಆಗಲ್ಲ ಸಾರ್, ರೈಟ್" ಎಂದಿದ್ದ. ಡಾಕ್ಟರು ಇದರಲ್ಲಿ ಯಾವ ಅರ್ಧವನ್ನು ನಂಬಬೇಕೆಂದು ತಿಳಿಯದೆ ಮಾತ್ರೆ ಬರೆದುಕೊಟ್ಟು ಕಳಿಸಿದ್ದರು.

ಓಡಾಟದ ಕೆಲಸ ಇನ್ನಾಗದೆಂದು ಇಲಾಖೆಯವರು ಅವನನ್ನು ನಿಲ್ದಾಣದ ಘೋಷಣೆ ಕೋಣೆಯಲ್ಲಿ ಕೂರಿಸಿದರು. ಕೋಣೆ ಎಂದರೆ ಟಿಕೆಟ್ ಕೌಂಟರಿನ ಪಕ್ಕದಲ್ಲಿ ಪ್ಲೈವುಡ್ ನಿಲ್ಲಿಸಿ ಮಾಡಿದ ಒಂದು ಗೂಡು. ಅದರಲ್ಲೊಂದು ಮೇಜು, ಮೇಜಿನ ಮೇಲೊಂದು ಮೈಕು. ರೈಟಣ್ಣನಿಗೆ ಮೈಕು ಸಿಕ್ಕಿದ್ದೇ ತಡ, ನಿಲ್ದಾಣದ ಕಳೆಯೇ ಬದಲಾಯಿತು.

"ಗಾಜಿನ ಕಾರ್ಖಾನೆ ಕಡೆ ಹೋಗೋ ಬಸ್ಸು ಮೂರನೇ ಅಂಕಣಕ್ಕೆ ಬರ್ತಾ ಇದೆ. ಬರ್ತಾ ಇದೆ ಅಂತ ಹೇಳಿದ್ದಾರೆ, ನಾನಂತೂ ಕಂಡಿಲ್ಲ. ಹಿಂದಿನ ಸೀಟು ಎಗರುತ್ತೆ, ಸೊಂಟದ ಮೇಲೆ ಆಸೆ ಇರೋರು ಮುಂದೆ ಕೂತ್ಕೊಳ್ಳಿ. ರೈಟ್."

ಪ್ರಯಾಣಿಕರಿಗೆ ಇದು ಇಷ್ಟವಾಯಿತು, ಇಲಾಖೆಗೆ ಆಗಲಿಲ್ಲ. ಮೇಲಿನಿಂದ ಒಂದು ಯಂತ್ರ ಬಂತು. ಅದರೊಳಗೆ ಯಾರೋ ಹೆಣ್ಣುಮಗಳು ಮೊದಲೇ ಮಾತಾಡಿಟ್ಟ ಧ್ವನಿಯಿತ್ತು. "ದಯವಿಟ್ಟು ಗಮನಿಸಿ" ಎಂದೇ ಪ್ರತಿಯೊಂದು ಮಾತನ್ನೂ ಶುರುಮಾಡುತ್ತಿದ್ದುದರಿಂದ ನಿಲ್ದಾಣದವರು ಆ ಧ್ವನಿಗೆ 'ಗಮನಿಸಿ ಮೇಡಂ' ಎಂದು ಹೆಸರಿಟ್ಟರು. ಮೈಕನ್ನು ಮುಟ್ಟಕೂಡದು, ಯಂತ್ರವನ್ನು ನೋಡಿಕೊಳ್ಳತಕ್ಕದ್ದು ಎಂದು ರೈಟಣ್ಣನಿಗೆ ಆದೇಶವಾಯಿತು. ನೋಡಿಕೊಳ್ಳುವುದೆಂದರೆ ಅಕ್ಷರಶಃ ನೋಡುತ್ತ ಕೂರುವುದು. ಹಿಂದೆ ಯಾರೋ ಮೌಸ್ ಕದ್ದಿದ್ದರೆಂದು ಯಂತ್ರವನ್ನು ಕಬ್ಬಿಣದ ಜಾಲರಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಇದ್ದದ್ದು ದೊಡ್ಡ ಕಚೇರಿಯ ಟೆಕ್ನಿಷಿಯನ್ ಹತ್ತಿರ. ಪೆಟ್ಟಿಗೆಯಿಂದ ಹೊರಬಂದ ವೈರು ಗೋಡೆಯ ಸ್ವಿಚ್ಚಿಗೆ ಸೇರುತ್ತಿತ್ತು. ಆ ಸ್ವಿಚ್ಚಿನ ಮೇಲೆ ಟೆಕ್ನಿಷಿಯನ್ನೇ ಒಂದು ಚೀಟಿ ಅಂಟಿಸಿದ್ದ: 'ಮುಟ್ಟಬೇಡಿ.'

ಆ ಮೊದಲ ಯಂತ್ರ ಬಲು ನಿಧಾನಿ. ಅಲ್ಲಿನ ಮ್ಯಾನೇಜರಿಗೆ ಕರೆಂಟು ಉಳಿಸಿದ್ದಕ್ಕೆ ಒಮ್ಮೆ ಪ್ರಶಂಸಾಪತ್ರ ಬಂದಿತ್ತು. ಅದಕ್ಕೆ ಚೌಕಟ್ಟು ಹಾಕಿಸಿದಂದಿನಿಂದ ಅವರು ಕೊನೆಯ ಬಸ್ಸು ಹೋದದ್ದೇ ಇಡೀ ನಿಲ್ದಾಣದ ಮೇನ್ ಸ್ವಿಚ್ಚನ್ನೇ ಇಳಿಸಿ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಅದನ್ನು ಎತ್ತುವುದು ರೈಟಣ್ಣನ ಕೆಲಸ. ಎತ್ತಿ, ಟೀ ಕುಡಿದು, ಪೇಪರಿನಲ್ಲಿ ಯಾರ್‍ಯಾರು ಸತ್ತರೆಂದು ನೋಡಿಕೊಂಡು ಬರುವ ಹೊತ್ತಿಗೆ ಯಂತ್ರ ಆಕಳಿಸಿ ಕಣ್ಣು ಬಿಡುತ್ತಿತ್ತು. ಆಮೇಲೆ ರಾತ್ರಿಯವರೆಗೂ ಮೇಡಂ ಮಾತಾಡಿದ್ದೇ ಮಾತಾಡಿದ್ದು. ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಹೊಸ ಯಂತ್ರ ಬಂದ ಮೇಲೆ.

ಹೊಸದನ್ನು ತಂದು ಕೂರಿಸಿದ ಟೆಕ್ನಿಷಿಯನ್ ತಲೆಯಿಂದ ಹೆಲ್ಮೆಟ್ ತೆಗೆದದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಎಲ್ಲಿಗೆ ಹೋದರೂ ಇನ್ನೊಂದು ಕಡೆಗೆ ಹೊರಟವನಂತೆಯೇ ಇರುತ್ತಿದ್ದುದರಿಂದ ಅದನ್ನು ತೆಗೆಯುವಷ್ಟು ಪುರುಸೊತ್ತೇ ಅವನಿಗಿರಲಿಲ್ಲ. ಹಾಗಾಗಿ ಅವನ ಹೆಸರೇ ಹೆಲ್ಮೆಟ್ ಆಗಿತ್ತು.

"ಇದು ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಮೇಲೆ ಓಡೋ ಯಂತ್ರ ಸಾರ್. ಹೊಸ ಡಿಸ್ಕ್ ಹಾಕಿದ್ದೀನಿ. ಕಣ್ಣು ಮಿಟುಕಿಸೋದ್ರಲ್ಲಿ ಎದ್ದು ಕೂತಿರುತ್ತೆ" ಎಂದ ಹೆಲ್ಮೆಟ್, ಕಪ್ಪು ಗಾಜಿನ ಹಿಂದಿನಿಂದ.

"ಕೈಕೊಟ್ರೆ ಏನು ಮಾಡ್ಬೇಕು?"

"ಕೊಡಲ್ಲ. ಕೈಕೊಡೋ ಜಾತಿ ಅಲ್ಲ ಇದು."

"ಮಂಡೀದೂ ಹಾಗೇ ಅಂದಿದ್ರು. ರೈಟ್" ಎಂದ ರೈಟಣ್ಣ.

ಆದರೂ ಅವನಿಗೆ ಒಳಗೊಳಗೇ ಹೆಮ್ಮೆ. ಆ ಸಂಜೆ ಮನೆಯಲ್ಲಿ ಭಾವಮೈದ ಬಂದು ಕೂತಿದ್ದ. ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಭಾವನ ಕೆಲಸದ ಮಾತು ಬಂದಾಗಲೆಲ್ಲ "ಸ್ವಿಚ್ ಎತ್ತಿ ಇಳಿಸೋದು ತಾನೇ" ಎನ್ನುವ ಕೆಟ್ಟ ಚಾಳಿ ಇಟ್ಟುಕೊಂಡವನು. ಅವನ ಬಾಯಿ ಮುಚ್ಚಿಸಲು ರೈಟಣ್ಣ, "ಈಗ ಲಿನಕ್ಸ್ ನೋಡ್ಕೋತಾ ಇದೀನಪ್ಪಾ. ಒಂಥರಾ ಇಂಜಿನಿಯರ್ ಕೆಲಸಾನೇ ಅದು. ರೈಟ್" ಎಂದುಬಿಟ್ಟ.

'ಒಂಥರಾ' ಎಂಬ ಮಾತು ಹೊಸ್ತಿಲು ದಾಟುವಷ್ಟರಲ್ಲಿ ಉದುರಿಹೋಯಿತು. ಬೆಳಗಾಗುವ ಹೊತ್ತಿಗೆ ಹೆಂಡತಿ ಅಕ್ಕಪಕ್ಕದವರಿಗೆಲ್ಲ "ನಮ್ಮನೆಯವರನ್ನ ಇಂಜಿನಿಯರ್ ಮಾಡಿದ್ದಾರೆ" ಎಂದು ಸುದ್ದಿ ಮುಟ್ಟಿಸಿದ್ದಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡೇ ಬಂದರು. ಎದುರು ಮನೆಯಾಕೆ ಗೋಡೆ ಗಡಿಯಾರ ತಂದಿಟ್ಟು, "ನಿಧಾನಕ್ಕೆ ಮಾಡಿ, ಅವಸರ ಇಲ್ಲ" ಎಂದಳು. ಗಡಿಯಾರಕ್ಕೂ ಅವಸರ ಇದ್ದಂತಿರಲಿಲ್ಲ.

ಅದೇ ಬೆಳಿಗ್ಗೆ ಈ ಇಂಜಿನಿಯರು ನಿಲ್ದಾಣಕ್ಕೆ ಹೋಗಿ ಮೇನ್ ಸ್ವಿಚ್ ಎತ್ತಿದ. ದೀಪ ಬಂತು, ಫ್ಯಾನು ತಿರುಗಿತು. ಜಾಲರಿಯೊಳಗಿನ ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಸರಸರನೆ ಓಡಿ, ಥಟ್ಟನೆ ನಿಂತವು. ಕೊನೆಯ ಸಾಲಿನಲ್ಲಿ 'ನೆಟ್‌ವರ್ಕ್ ಸಿಗಲಿಲ್ಲ' ಎಂದಿತ್ತು. ಮೇಡಂ ತುಟಿ ಬಿಚ್ಚಲಿಲ್ಲ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂಬ ವಿವರ ಮ್ಯಾನೇಜರ್ ಕೋಣೆಯ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕವೇ ಬರಬೇಕು. ನೆಟ್‌ವರ್ಕ್ ಇಲ್ಲವೆಂದರೆ ಮೇಡಂ ಪಾಲಿಗೆ ಬಸ್ಸೇ ಇಲ್ಲ. ರೈಟಣ್ಣ ಕಾದ. ಗೋಡೆಯ ಮೇಲಿನ ಹಲಗೆಯಲ್ಲಿ ಕೂತಿದ್ದ ಹಳೆಯ ನೆಟ್‌ವರ್ಕ್ ಡಬ್ಬಿ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹಸಿರು ದೀಪ ಹಚ್ಚಿಕೊಂಡು ಮಿನುಗತೊಡಗಿತು. ಯಂತ್ರ ಮಾತ್ರ 'ಸಿಗಲಿಲ್ಲ' ಎಂದದ್ದನ್ನು ಬದಲಿಸದೆ, ಮುನಿಸಿಕೊಂಡ ಬೀಗರಂತೆ ಕೂತೇ ಇತ್ತು.

ಆರಿಸಿ ಹಚ್ಚಿದರೆ ಸರಿಹೋದೀತು ಎಂದು ಅವನಿಗೂ ಹೊಳೆಯಿತು. ಯಂತ್ರದ ಗುಂಡಿ ಜಾಲರಿಯೊಳಗೆ. ಯಂತ್ರದ ಸ್ವಿಚ್ಚಿನ ಮೇಲೆ 'ಮುಟ್ಟಬೇಡಿ.' ಅಷ್ಟು ವರ್ಷ ನೌಕರಿ ಮಾಡಿದವನು ಬರೆದು ಅಂಟಿಸಿದ್ದನ್ನು ಮೀರುವುದುಂಟೇ? ಮೇನ್ ಸ್ವಿಚ್ಚಿನ ಮೇಲೆ ಯಾರೂ ಏನೂ ಬರೆದಿರಲಿಲ್ಲ. ರೈಟಣ್ಣ ಹೋಗಿ ಅದನ್ನೇ ಇಳಿಸಿದ.

ಇಡೀ ನಿಲ್ದಾಣ ಕಪ್ಪಾಯಿತು. ಟಿಕೆಟ್ ಕೌಂಟರಿನಲ್ಲಿ ಅರ್ಧ ಹೊರಬಂದ ಟಿಕೆಟ್ಟು ಅಲ್ಲೇ ಕಚ್ಚಿಕೊಂಡಿತು. ಕ್ಷೌರದಂಗಡಿಯಲ್ಲಿ ಕರೆಂಟಿನ ಟ್ರಿಮ್ಮರು ಒಬ್ಬ ಗಿರಾಕಿಯ ಮೂಗಿನ ಕೆಳಗೆ, ಸರಿಯಾಗಿ ನಟ್ಟನಡುವೆ, ಉಸಿರು ನಿಲ್ಲಿಸಿತು.

"ಯಾರಪ್ಪಾ ಅದು?" ಕ್ಷೌರಿಕನ ಕೂಗು.

"ನಾನೇ. ಸಿಸ್ಟಮ್ ಕೆಲಸ ನಡೀತಿದೆ. ರೈಟ್."

ಮತ್ತೆ ಎತ್ತಿದ. ಇರುವೆಗಳು ಓಡಿದವು. ಸಿಗಲಿಲ್ಲ. ಮತ್ತೆ ಇಳಿಸಿದ. ಕ್ಷೌರಿಕ ಈ ಸಲ ಕೇಳಿದ ಪ್ರಶ್ನೆಯಲ್ಲಿ 'ಯಾರಪ್ಪಾ' ಎಂಬುದರ ಬದಲು ಬೇರೆ ಪದವಿತ್ತು.

ಹೊತ್ತು ಏರಿದ ಮೇಲೆ ಹೆಲ್ಮೆಟ್ ಬಂದ. ಜಾಲರಿಯ ಬೀಗ ತೆಗೆದು, ಒಳಗೆ ಕೈ ತೂರಿಸಿ, ಯಂತ್ರದ ಗುಂಡಿ ಒತ್ತಿದ. "ದಯವಿಟ್ಟು ಗಮನಿಸಿ" ಎಂದು ಮೇಡಂ ಜೇನಿನಂಥ ದನಿಯಲ್ಲಿ ಶುರುಮಾಡಿದಳು.

"ಎಲ್ಲಿ ಸಾರ್ ತೊಂದರೆ?"

"ಬೆಳಿಗ್ಗೆ ಇತ್ತಪ್ಪಾ."

"ಈಗ ಇಲ್ವಲ್ಲ" ಎಂದು ಅವನು ಹೊರಟೇಹೋದ.

ಇದೇ ನಾಟಕ ದಿನಾ ನಡೆಯಿತು. ಬೆಳಿಗ್ಗೆ ರೈಟಣ್ಣ ಎತ್ತಿ ಇಳಿಸಿ ಎತ್ತುವುದು, ಮೇಡಂ ಮೌನವ್ರತ, ನಿಲ್ದಾಣಕ್ಕೆ ಕತ್ತಲು, ಪ್ರಯಾಣಿಕರು ಒಂದನೇ ಅಂಕಣದಿಂದ ಐದಕ್ಕೆ, ಐದರಿಂದ ಒಂದಕ್ಕೆ ಗಂಟು ಹೊತ್ತು ಓಡುವುದು, ಆಮೇಲೆ ಹೆಲ್ಮೆಟ್ ಬಂದು ಒಂದೇ ಒತ್ತಿಗೆ ಮಾತಾಡಿಸುವುದು. ಎರಡು ವಾರದಲ್ಲಿ ನಿಲ್ದಾಣದವರೆಲ್ಲ ಸೇರಿ ತೀರ್ಮಾನಕ್ಕೆ ಬಂದರು: ಯಂತ್ರದಲ್ಲಿ ದೋಷವಿಲ್ಲ, ದೋಷವೆಲ್ಲ ರೈಟಣ್ಣನ ಕೈಗುಣದ್ದು.

"ಕೆಲವರ ಕೈಯೇ ಹಾಗೆ ಸಾರ್. ನಮ್ಮ ಚಿಕ್ಕಪ್ಪ ಮುಟ್ಟಿದ ರೇಡಿಯೋ ಯಾವತ್ತೂ ಹಾಡಿಲ್ಲ" ಎಂದು ಕ್ಷೌರಿಕ ಮ್ಯಾನೇಜರಿಗೆ ವಿವರಿಸಿದ.

"ಕೈ ಅಲ್ಲ, ಧ್ವನಿ. ಇವನ ಕೂಗು ಕೇಳಿ ಅದಕ್ಕೆ ಗಾಬರಿ ಆಗಿರುತ್ತೆ" ಎಂದ ಒಬ್ಬ ಡ್ರೈವರು.

ಮ್ಯಾನೇಜರು ಪ್ರಶಂಸಾಪತ್ರದ ಕೆಳಗೆ ಕೂತು ರೈಟಣ್ಣನನ್ನು ಕರೆಸಿದರು. "ನೋಡಿ, ಸೋಮವಾರ ವಿಭಾಗದ ಸಾಹೇಬರು ತಪಾಸಣೆಗೆ ಬರ್ತಾರೆ. ಮೊದಲ ಬಸ್ಸಿಗೇ ಮೇಡಂ ಬಾಯಿ ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ ನಿಮ್ಮನ್ನ ಟೈರ್ ಶೆಡ್ಡಿಗೆ ಹಾಕೋಕೆ ಬರೀತೀನಿ. ನನಗೂ ಬೇರೆ ದಾರಿ ಇಲ್ಲ."

ಟೈರ್ ಶೆಡ್ಡು ಎಂದರೆ ಬೆಳಗಿನಿಂದ ಸಂಜೆವರೆಗೆ ಕುಕ್ಕರುಗಾಲಲ್ಲಿ ಕೂತು, ಎದ್ದು, ಆಳೆತ್ತರದ ಟೈರುಗಳನ್ನು ಉರುಳಿಸುವ ಜಾಗ. ರೈಟಣ್ಣನ ಮಂಡಿ ಅಲ್ಲಿ ಒಂದು ದಿನ ಬಾಳುತ್ತಿರಲಿಲ್ಲ. ನೌಕರಿಯೂ ಮಂಡಿಯ ಹಿಂದೆಯೇ ಹೋಗುತ್ತಿತ್ತು. ಅವನು 'ಆಗಲಿ ಸಾರ್' ಎಂದಷ್ಟೇ ಹೇಳಿ ಹೊರಗೆ ಬಂದ. ಅವತ್ತು ಅವನ ಬಾಯಿಂದ ರೈಟ್ ಬರಲಿಲ್ಲ. ಅದನ್ನು ಗಮನಿಸಿದ್ದು ಒಬ್ಬಳೇ, ಟಿಕೆಟ್ ಕೌಂಟರಿನ ಚಿಲ್ಲರೆ ಅಕ್ಕ.

ಚಿಲ್ಲರೆ ಅಕ್ಕ ವಯಸ್ಸಿನಲ್ಲಿ ರೈಟಣ್ಣನಿಗಿಂತ ಬಹಳ ಚಿಕ್ಕವಳು. ಆದರೆ "ಚಿಲ್ಲರೆ ಕೊಡಿ" ಎಂದು ಅವಳು ಕಣ್ಣೆತ್ತಿದರೆ ಅಜ್ಜಂದಿರೂ "ಇಲ್ಲ ಅಕ್ಕಾ" ಎಂದು ತಡವರಿಸುತ್ತಿದ್ದರು. ಅವಳಿಗಿದ್ದ ಇನ್ನೊಂದು ವಿದ್ಯೆ ಕೌಂಟರಿನ ಒಳಗಿನವರಿಗಷ್ಟೇ ಗೊತ್ತು: ಯಾರ ದನಿಯನ್ನಾದರೂ ಸರಿ, ಎರಡು ಸಲ ಕೇಳಿದರೆ ಮೂರನೆಯ ಸಲ ಅವಳೇ ಆಡಬಲ್ಲಳು. ಮ್ಯಾನೇಜರ ಕೆಮ್ಮಿನಿಂದ ಹಿಡಿದು ಡೀಸೆಲ್ ಬಸ್ಸು ಚಳಿಯಲ್ಲಿ ಸ್ಟಾರ್ಟಾಗುವವರೆಗೆ ಎಲ್ಲವೂ ಅವಳ ಗಂಟಲಲ್ಲಿತ್ತು. ಗಮನಿಸಿ ಮೇಡಂ ಅಂತೂ ಅವಳಿಗೆ ಅಂಗೈ ನೆಲ್ಲಿ. ಕೌಂಟರಿನಲ್ಲಿ ಕಳೆದುಹೋದ ಮಕ್ಕಳ ವಿಷಯ ತಿಳಿಸಲೆಂದು ಒಂದು ಮೈಕೂ ಇತ್ತು. ಪಾಪ, ಮಕ್ಕಳು ಕಳೆದುಹೋಗದೆ ಅದು ಧೂಳು ಹಿಡಿದಿತ್ತು.

ಅವಳಿಗೆ ರೈಟಣ್ಣನ ಸಪ್ಪೆ ಮುಖ ನೋಡಲಾಗಲಿಲ್ಲ ಎಂಬುದು ಅರ್ಧ ನಿಜ. ದಿನಾ ಬೆಳಿಗ್ಗೆ ಟಿಕೆಟ್ ಯಂತ್ರ ಅರ್ಧಕ್ಕೆ ಸಾಯುತ್ತಿದ್ದುದನ್ನು ಸಹಿಸಲಾಗಲಿಲ್ಲ ಎಂಬುದು ಇನ್ನರ್ಧ. ಶನಿವಾರ ಬೆಳಿಗ್ಗೆ ಅವನನ್ನು ಒಂದಿಷ್ಟು ನಗಿಸಿ, ಮೇನ್ ಸ್ವಿಚ್ಚಿನ ಚಟವನ್ನೂ ಬಿಡಿಸೋಣವೆಂದು ಅವಳು ಕ್ಷೌರಿಕನಿಗೆ ಹೇಳಿದಳು. ಕ್ಷೌರಿಕ ಕತ್ತರಿಯಾಣೆ ಮಾಡಿ ಗುಟ್ಟು ಕಾಯುವೆನೆಂದ.

ಶನಿವಾರ ಮೊದಲ ಬಸ್ಸಿನಿಂದ ಇಳಿದ ಸಣ್ಣ ಗಾತ್ರದ, ದೊಡ್ಡ ಮೀಸೆಯ ಒಬ್ಬರು ನೇರವಾಗಿ ಕ್ಷೌರದ ಕುರ್ಚಿಯಲ್ಲಿ ಕೂತು, "ಅಂಚು ಮಾತ್ರ ಸಮ ಮಾಡಿ" ಎಂದದ್ದು ಯಾರಿಗೂ ದೊಡ್ಡ ವಿಷಯವೆನಿಸಲಿಲ್ಲ. ಅದೇ ಬಸ್ಸಿನಿಂದ ರೈಟಣ್ಣನ ಭಾವಮೈದನೂ ಬಿಡಿಭಾಗ ತರಲೆಂದು ಇಳಿದು, ಮುಂದಿನ ಬಸ್ಸಿಗಾಗಿ ಮೂರನೇ ಅಂಕಣದಲ್ಲಿ ನಿಂತ. ಕೌಂಟರಿಗೆ ಹೋಗಿ ಟಿಕೆಟ್ ಕೇಳುವಾಗ, "ನಮ್ಮ ಭಾವ ಇಲ್ಲಿ ಇಂಜಿನಿಯರು" ಎಂದು ಹೇಳುವುದನ್ನು ಮರೆಯಲಿಲ್ಲ. ಬಯ್ಯುವಾಗ ಒಂದು, ಬೇರೆಯವರೆದುರು ಇನ್ನೊಂದು. ಭಾವಮೈದುನರ ಪೈಕಿ ಇದು ಸಾಮಾನ್ಯ. ಚಿಲ್ಲರೆ ಅಕ್ಕನ ಕಿವಿ ನೆಟ್ಟಗಾಯಿತು.

ರೈಟಣ್ಣ ಬಂದು ಮೇನ್ ಎತ್ತಿದ. ಸಿಗಲಿಲ್ಲ. ಇಳಿಸಿದ. ಕ್ಷೌರದಂಗಡಿಯಿಂದ ಎರಡು ದನಿಗಳ ಕೂಗು ಒಟ್ಟಿಗೆ ಕೇಳಿತು. ಎತ್ತಿದ. ಇರುವೆಗಳು ಓಡಿ ನಿಂತವು. ಸಿಗಲಿಲ್ಲ. ಅವನು ಹಣೆಗೆ ಕೈಹಚ್ಚಿ ಕೂತ. ಆಗ ನಿಲ್ದಾಣದ ಎಲ್ಲ ಸ್ಪೀಕರುಗಳಿಂದ ಜೇನಿನಂಥ ದನಿ ಹೊರಟಿತು.

"ದಯವಿಟ್ಟು ಗಮನಿಸಿ. ಘೋಷಣೆ ಕೋಣೆಯಲ್ಲಿರುವ ನೌಕರರ ಗಮನಕ್ಕೆ. ನನ್ನನ್ನು ಎಬ್ಬಿಸುವ ರೀತಿ ಇದಲ್ಲ."

ರೈಟಣ್ಣ ಕುರ್ಚಿಯಿಂದ ಎದ್ದ. ಅವನ ಮಂಡಿ ಅಷ್ಟು ಬೇಗ ಎದ್ದದ್ದು ಆಪರೇಷನ್ ಬೇಡವೆಂದ ದಿನದ ನಂತರ ಇದೇ ಮೊದಲು.

"ಮೇಡಂ?" ಎಂದ. ಹಳೆಯ ಅಭ್ಯಾಸದಿಂದ ಕೈ ತಾನಾಗಿ ಮೈಕಿನ ಗುಂಡಿ ಒತ್ತಿತು. ಅಲ್ಲಿಂದ ಮುಂದೆ ಕೋಣೆಯ ಒಳಗೆ ಅವನಾಡಿದ್ದೆಲ್ಲ ಇಡೀ ನಿಲ್ದಾಣಕ್ಕೆ ಕೇಳಿಸಿತು.

"ದಯವಿಟ್ಟು ಗಮನಿಸಿ. ಮೇನ್ ಸ್ವಿಚ್ಚಿನ ತಂಟೆಗೆ ಹೋಗಬೇಡಿ. ನನ್ನ ಸ್ವಿಚ್ಚನ್ನು ಮಾತ್ರ ಆರಿಸಿ."

"ಮೇಡಂ, ಅದರ ಮೇಲೆ ಮುಟ್ಟಬೇಡಿ ಅಂತ ಚೀಟಿ ಇದೆ."

"ಯಾರ ಸ್ವಿಚ್ಚು ಅದು?"

"ನಿಮ್ಮದೇ ಮೇಡಂ."

"ಹಾಗಾದರೆ ಹೇಳುತ್ತಿರುವವರು ಯಾರು?"

ರೈಟಣ್ಣ ಚೀಟಿಗೊಂದು ನಮಸ್ಕಾರ ಹಾಕಿದ. ಸ್ವಿಚ್ಚನ್ನು ಆರಿಸಿದ. ಪರದೆ ಕಪ್ಪಾಯಿತು. ಆರಿಸಿದ ಮೇಲೂ ಮೇಡಂ ಮಾತಾಡುತ್ತಲೇ ಇರುವುದು ಹೇಗೆಂಬ ಸಣ್ಣ ಅನುಮಾನ ಒಬ್ಬ ಸಾಮಾನ್ಯನಿಗೆ ಬರುತ್ತಿತ್ತು. ಎರಡು ವಾರದಿಂದ ಯಂತ್ರದ ಮುನಿಸಿಗೆ ತಲೆಬಾಗಿದವನಿಗೆ ಬರಲಿಲ್ಲ.

"ಮನೆಯಲ್ಲಿ ತಾವು ಏನೆಂದು ಹೇಳಿಕೊಂಡಿದ್ದೀರಿ?"

ರೈಟಣ್ಣ ಯಂತ್ರದ ಮುಂದೆ ತಲೆ ತಗ್ಗಿಸಿದ. "ಇಂಜಿನಿಯರ್ ಅಂತ. ಒಂಥರಾ ಅಂತಾನೂ ಸೇರಿಸಿದ್ದೆ ಮೇಡಂ, ಅದು ಯಾರಿಗೂ ಕೇಳಿಸಲಿಲ್ಲ. ಭಾವಮೈದ ಸ್ವಿಚ್ ಎತ್ತೋನು ಅಂತಾನೆ, ಅದಕ್ಕೆ ಹಾಗಂದೆ. ಪಕ್ಕದ ಮನೆ ಮೇಷ್ಟ್ರ ಇಸ್ತ್ರಿಪೆಟ್ಟಿಗೆ ಇನ್ನೂ ಮಂಚದ ಕೆಳಗಿದೆ. ಗಡಿಯಾರಾನೂ ಇದೆ."

ಮೂರನೇ ಅಂಕಣದಲ್ಲಿ ಭಾವಮೈದ ತನ್ನ ಚಪ್ಪಲಿಯ ಉಂಗುಟವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

ಪ್ಲೈವುಡ್ಡಿನ ಆಚೆ ಚಿಲ್ಲರೆ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದಳು. ಮುಂದೇನು ಹೇಳಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ. ಎದುರಿಗೆ ಮೂರನೇ ಅಂಕಣದಲ್ಲಿ ಗಾಜಿನ ಕಾರ್ಖಾನೆಯ ಬಸ್ಸು ಬಂದು ನಿಂತಿತ್ತು.

"ದಯವಿಟ್ಟು ಗಮನಿಸಿ. ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ಗಾಜಿನ ಕಾರ್ಖಾನೆಯ ದಾರಿಯ ಅಷ್ಟೂ ಸ್ಟಾಪುಗಳನ್ನು ಕಂಡಕ್ಟರ್ ದನಿಯಲ್ಲಿ ಕೂಗಿ. ಒಂದು ತಪ್ಪಿದರೂ ನಾನು ಏಳುವುದಿಲ್ಲ. ಕೂಗಿ ಮುಗಿಸಿ, ರೈಟ್ ಎಂದ ಮೇಲೆ ನನ್ನ ಸ್ವಿಚ್ಚು ಹಾಕಿ."

ಚಪ್ಪಲಿ ಬಿಟ್ಟ ಸದ್ದೂ ಸ್ಪೀಕರಿನಲ್ಲಿ ಕೇಳಿತು. ಆಮೇಲೆ ಒಂದು ಉಸಿರು. ಆಮೇಲೆ, ಎಷ್ಟೋ ತಿಂಗಳಿಂದ ಆ ನಿಲ್ದಾಣ ಕೇಳದಿದ್ದ ಒಂದು ದನಿ.

"ಹಳೇ ಸೇತುವೆ, ಗಡಿಯಾರ ಗೋಪುರ, ಕಣ್ಣಾಸ್ಪತ್ರೇ. ಕಣ್ಣಾಸ್ಪತ್ರೆ ಇಳಿಯೋರು ಮೆಟ್ಟಿಲು ನೋಡ್ಕೊಳ್ಳಿ, ಕಾಣದಿದ್ರೆ ಕೈ ಕೊಡ್ತೀನಿ. ಮರದ ಮಿಲ್ಲು, ನೀರಿನ ಟ್ಯಾಂಕು, ಹೆಣ್ಮಕ್ಕಳ ಕಾಲೇಜು. ಕಾಲೇಜಲ್ಲಿ ಕೆಲಸ ಇಲ್ಲದ ಗಂಡುಹುಡುಗ್ರು ಒಳಗೇ ಇರಿ. ರೈಲ್ವೆ ಗೇಟು, ಗೇಟು ಹಾಕಿದ್ರೆ ಟೀ ಅಂಗಡಿ..."

ಮೂರನೇ ಅಂಕಣದಲ್ಲಿ ಮಲಗಿದ್ದವರು ಎದ್ದರು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಂಟಿನ ಮೇಲೆ ಕೂತಿದ್ದ ಮುದುಕಿ "ನೀರಿನ ಟ್ಯಾಂಕು, ಇದೇ ಕಣೇ" ಎಂದು ಸೊಸೆಯನ್ನು ಎಳೆದುಕೊಂಡು ಹತ್ತಿದಳು. ಹಿಂದೆ ಹತ್ತಾರು ಜನ ಹತ್ತಿದರು. ದಿನಾ ಖಾಲಿ ಸೀಟುಗಳನ್ನು ಹೊತ್ತು ತಡವಾಗಿ ಹೋಗುತ್ತಿದ್ದ ಬಸ್ಸು ತುಂಬಿ, ಸರಿಯಾದ ಹೊತ್ತಿಗೆ ಸಿದ್ಧವಾಗಿ ನಿಂತಿತು. ಡ್ರೈವರು ಎಂಜಿನ್ ಚಾಲೂ ಮಾಡಿ, ಸ್ಪೀಕರಿನ ಕಡೆಗೇ ಕಿವಿಯಿಟ್ಟು ಕಾದ.

ರೈಟಣ್ಣನ ಹಿಂದೆ, ಗೋಡೆಯ ಹಲಗೆಯ ಮೇಲೆ, ನೆಟ್‌ವರ್ಕ್ ಡಬ್ಬಿ ತನ್ನ ಪಾಡಿಗೆ ಒಂದೊಂದೇ ದೀಪ ಹಚ್ಚಿಕೊಳ್ಳುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ದಯವಿಟ್ಟು ಎಂದು ಯಾರೂ ಕೇಳಿರಲೂ ಇಲ್ಲ.

"...ಗಾಜಿನ ಕಾರ್ಖಾನೇ, ಕೊನೇ ಸ್ಟಾಪು, ಎಲ್ಲಾರೂ ಇಳೀರಿ, ಮಕ್ಕಳನ್ನ ಎಣಿಸ್ಕೊಳ್ಳಿ. ರೈಟ್." ಸ್ವಿಚ್ಚು ಹಾಕಿದ.

ಇರುವೆಗಳು ಓಡಿದವು. ಓಡಿ, ನಿಲ್ಲದೆ ಮುಂದಕ್ಕೆ ಹೋದವು.

"ದಯವಿಟ್ಟು ಗಮನಿಸಿ. ಗಾಜಿನ ಕಾರ್ಖಾನೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ಹೊರಡಲು ಸಿದ್ಧವಾಗಿದೆ."

ಇದನ್ನು ಕೇಳಿ ಅತಿ ಹೆಚ್ಚು ಬೆಚ್ಚಿದ್ದು ಚಿಲ್ಲರೆ ಅಕ್ಕ. ಅವಳ ಬಾಯಲ್ಲಿ ಸೆರಗಿತ್ತು, ಮೈಕು ದೂರವಿತ್ತು, ಅವಳು ಆಡುತ್ತಿದ್ದ ದನಿ ಮಾತ್ರ ಸ್ಪೀಕರಿನಿಂದ ತಾನಾಗಿ ಬರುತ್ತಿತ್ತು. "ನಾನಲ್ಲ, ನಾನು ಏನೂ ಅಂದಿಲ್ಲ" ಎಂದು ಎದುರಿಗೆ ನಿಂತ ಪ್ರಯಾಣಿಕನಿಗೆ ಹೇಳಿದಳು. ಅವನು ಗಾಬರಿಯಾಗಿ ಚಿಲ್ಲರೆ ಕೊಟ್ಟುಬಿಟ್ಟ.

ಘೋಷಣೆ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡ, ಬಲಗಡೆ ಮಾತ್ರ ಮೀಸೆಯಿದ್ದ ಸಣ್ಣ ಗಾತ್ರದ ವ್ಯಕ್ತಿ ನಿಂತಿದ್ದರು. ಅವರ ಹಿಂದೆ ಕ್ಷೌರಿಕ, ಅವನ ಹಿಂದೆ ಬೆಳ್ಳಗಾದ ಮುಖದ ಮ್ಯಾನೇಜರು.

"ಸಾಹೇಬ್ರೇ, ತಪಾಸಣೆ ಸೋಮವಾರ ಅಂತ ಇತ್ತು" ಎಂದು ಮ್ಯಾನೇಜರು ಕ್ಷೀಣವಾಗಿ ಹೇಳಿದರು.

"ಸೋಮವಾರ ನೀವೆಲ್ಲ ಚೆನ್ನಾಗಿರ್ತೀರಿ ಅಂತಾನೇ ಶನಿವಾರ ಬಂದೆ" ಎಂದರು ವಿಭಾಗದ ಸಾಹೇಬರು, ಮೇಲ್ತುಟಿಯ ಎಡಗಡೆಗೆ ಕರವಸ್ತ್ರ ಒತ್ತಿಕೊಂಡು. "ನನ್ನ ಇಪ್ಪತ್ತು ವರ್ಷದ ಮೀಸೆ, ಕತ್ತಲಲ್ಲಿ ಇವನ ಕೈ ಜಾರಿ ಅರ್ಧ ಹೋಯ್ತು. ಕರೆಂಟು ಕಡಿದದ್ದು ಯಾರು?"

"ನಾನೇ ಸಾರ್" ಎಂದ ರೈಟಣ್ಣ, ಬರಿಗಾಲಲ್ಲಿ, ಕೈಕಟ್ಟಿಕೊಂಡೇ. "ಆದ್ರೆ ಮೇಡಂ ಎದ್ದಿದ್ದಾರೆ. ಸ್ಟಾಪು ಕೂಗಿದ್ರೆ ಏಳ್ತಾರಂತೆ. ನನ್ನನ್ನ ಟೈರ್ ಶೆಡ್ಡಿಗೆ ಹಾಕ್ಬೇಡಿ ಸಾರ್, ದಿನಾ ಕೂಗ್ತೀನಿ."

ಮ್ಯಾನೇಜರು ಫೋನು ಮಾಡಿ ಅರಚಿದ ರೀತಿಗೆ ಹೆಲ್ಮೆಟ್ ಎಂದೂ ಇಲ್ಲದ ವೇಗದಲ್ಲಿ ಬಂದ. ಅಷ್ಟರವರೆಗೆ ಸಾಹೇಬರು ಉಳಿದ ಅರ್ಧ ಮೀಸೆಯನ್ನು ತೆಗೆಸಲು ಒಪ್ಪಲೇ ಇಲ್ಲ. ಸಾಕ್ಷಿ ಇರಲಿ ಎಂದರು. "ನನ್ನ ಕಣ್ಣೆದುರೇ ಮೇನ್ ಇಳಿಸಿ, ಎತ್ತಿ. ಅದು ಯಾಕೆ ಏಳಲ್ಲ ನೋಡೋಣ" ಎಂದು ಅಪ್ಪಣೆಯಾಯಿತು.

ಇಳಿಸಿದರು. ಕ್ಷೌರದಂಗಡಿಯಲ್ಲಿ ಯಾರೋ ಇನ್ನೊಬ್ಬರು ಕೂಗಿಕೊಂಡರು. ಎತ್ತಿದರು. ಹೆಲ್ಮೆಟ್ ಮೊದಲ ಸಲ ಬೆಳಗಿನ ಸ್ಥಿತಿಯಲ್ಲಿ ಆ ಪರದೆಯ ಮುಂದೆ ನಿಂತ. ಅಕ್ಷರಗಳು ಓಡಿ ನಿಂತವು. ಅವನು ಪರದೆ ನೋಡಿದ, ಹಲಗೆಯ ಮೇಲೆ ಇನ್ನೂ ಕತ್ತಲಾಗಿದ್ದ ಡಬ್ಬಿ ನೋಡಿದ. ನಿಧಾನವಾಗಿ ಹೆಲ್ಮೆಟ್ ತೆಗೆದ. ಒಳಗೆ ಅಚ್ಚುಕಟ್ಟಾದ ಬೈತಲೆಯ, ಸೌಮ್ಯವಾದ ಒಂದು ಮುಖವಿತ್ತು.

"ನನ್ನ ತಪ್ಪು ಸಾರ್. ನಾನೂ ಒಂದು ದಿನ ಬೆಳಿಗ್ಗೆ ಬಂದು ನೋಡ್ಬೇಕಿತ್ತು" ಎಂದ. "ಮೇನ್ ಎತ್ತಿದಾಗ ಎರಡೂ ಒಟ್ಟಿಗೆ ಏಳೋಕೆ ಶುರು ಮಾಡುತ್ತೆ. ಈ ಡಬ್ಬಿ ಹಳೇದು, ಹೊತ್ತು ತಗೊಳ್ಳುತ್ತೆ. ಯಂತ್ರ ಹೊಸದು, ತಟ್ಟಂತ ಎದ್ದುಬಿಡುತ್ತೆ. ಎದ್ದ ತಕ್ಷಣ ನೆಟ್‌ವರ್ಕ್ ಇದೆಯಾ ಅಂತ ಒಂದೇ ಒಂದು ಸಲ ಕೇಳುತ್ತೆ. ಡಬ್ಬಿ ಇನ್ನೂ ಎದ್ದಿರಲ್ಲ. ಇಲ್ಲ ಅಂತ ತೀರ್ಮಾನ ಮಾಡಿ ಸುಮ್ಮನೆ ಕೂತುಬಿಡುತ್ತೆ. ಹಳೇ ಯಂತ್ರ ಸೋಮಾರಿ, ಅದು ಏಳೋ ಹೊತ್ತಿಗೆ ಡಬ್ಬಿ ಎದ್ದಿರ್ತಿತ್ತು. ನಾನು ಬರೋ ಹೊತ್ತಿಗೂ ಎದ್ದಿರುತ್ತೆ, ನಾನು ಯಂತ್ರ ಒಂದನ್ನೇ ಎಬ್ಬಿಸ್ತೀನಿ. ಇವರು ಮೇನ್ ಇಳಿಸಿ ಎತ್ತಿದಾಗಲೆಲ್ಲ ಎರಡನ್ನೂ ಮಲಗಿಸಿ ಎಬ್ಬಿಸ್ತಾ ಇದ್ರು."

"ಅಂದ್ರೆ" ಎಂದ ರೈಟಣ್ಣ ನಿಧಾನವಾಗಿ, "ಕಂಡಕ್ಟರ್ ಹತ್ತೋಕೆ ಮೊದಲೇ ಡ್ರೈವರ್ ಗಾಡಿ ಎತ್ತಿದ್ದಾನೆ."

"ಹಾಗೇ ಅಂದ್ಕೊಳ್ಳಿ. ನೆಟ್‌ವರ್ಕ್ ಬರೋ ತನಕ ಕಾಯಬೇಕು ಅಂತ ಒಂದು ಸಾಲು ಬರೆದ್ರೆ ಮುಗೀತು." ಅವನು ಜಾಲರಿ ತೆಗೆದು, ಕೀಲಿಮಣೆ ಎಳೆದುಕೊಂಡು, ಅದನ್ನು ಬರೆದೂಬಿಟ್ಟ. ಮೇನ್ ಮತ್ತೊಮ್ಮೆ ಇಳಿದು ಏರಿತು. ಯಂತ್ರ ಎದ್ದು, ತೆಪ್ಪಗೆ ಕಾದು, ಡಬ್ಬಿಯ ಕೊನೆಯ ದೀಪ ಹತ್ತಿದ ಮೇಲೆ ಬಾಯಿ ಬಿಟ್ಟಿತು.

"ಹಾಗಾದ್ರೆ ನನ್ನ ಕೈಗುಣದ್ದು ಏನೂ ಇಲ್ವಾ?" ಎಂದ ರೈಟಣ್ಣ.

"ಏನೂ ಇಲ್ಲ ಸಾರ್."

"ಒಂದು ನಿಮಿಷ" ಎಂದರು ಸಾಹೇಬರು. "ನೆಟ್‌ವರ್ಕ್ ಇಲ್ಲದೆ ಮಾತಾಡೋಲ್ಲ ಅಂದ್ರಲ್ಲ. ಇವರಿಗೆ ಚಪ್ಪಲಿ ಬಿಡೋಕೆ ಹೇಳಿದ್ದು ಯಾರು?"

ಹೆಲ್ಮೆಟ್ಟಿನವನು ತಲೆ ಕೆರೆದುಕೊಂಡ. ಬಹಳ ದಿನಗಳ ಮೇಲೆ ಅದು ಕೈಗೆ ಸಿಕ್ಕಿತ್ತು. "ಅಂಥ ಮಾತು ಇದರಲ್ಲಿ ಇಲ್ಲ ಸಾರ್." ಕ್ಷೌರಿಕ ಕತ್ತರಿಯಾಣೆಯನ್ನು ನೆನೆದು ಚಾವಣಿ ನೋಡಿದ. ಚಾವಣಿ ನೋಡುತ್ತಲೇ ಅವನ ಬೆರಳು ಟಿಕೆಟ್ ಕೌಂಟರಿನ ಕಡೆ ತಿರುಗಿತ್ತು.

ಬಾಗಿಲಲ್ಲಿ ಚಿಲ್ಲರೆ ಅಕ್ಕ ಬಂದು ನಿಂತಳು. ತಲೆ ತಗ್ಗಿಸಿ, ಜೇನಿನಂಥ ದನಿಯಲ್ಲಿ ಹೇಳಿದಳು: "ದಯವಿಟ್ಟು ಗಮನಿಸಿ. ತಪ್ಪಾಯಿತು. ಉಂಟಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ." ಆಮೇಲೆ ತನ್ನ ದನಿಯಲ್ಲಿ, "ರೈಟಣ್ಣಾ, ನಿಮ್ಮನ್ನ ನಗಿಸೋಣ ಅಂತಿದ್ದೆ. ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರಲಿಲ್ಲ."

ಎಲ್ಲರೂ ರೈಟಣ್ಣನ ಮುಖ ನೋಡಿದರು. ಅವನು ತನ್ನ ಬರಿಗಾಲನ್ನು ನೋಡಿದ. ಜಾಲರಿಯ ಪಕ್ಕ ಜೋಡಿಸಿಟ್ಟ ಚಪ್ಪಲಿಯನ್ನು ನೋಡಿದ. ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ಭಾವಮೈದನನ್ನು ನೋಡಿದ.

"ಭಾವ, ನಾನು ಅಕ್ಕನಿಗೆ ಹೇಳಲ್ಲ" ಎಂದ ಭಾವಮೈದ ಮೆಲ್ಲಗೆ. "ಆದ್ರೆ ನೀವೇ ಇಡೀ ಸ್ಟ್ಯಾಂಡಿಗೆ ಹೇಳಿಬಿಟ್ಟಿದ್ದೀರಿ. ಇಸ್ತ್ರಿಪೆಟ್ಟಿಗೆ ನನ್ನ ಅಂಗಡಿಗೆ ಕಳಿಸಿ, ನೋಡ್ತೀನಿ."

"ಟೈರ್ ಶೆಡ್ಡು ಯಾಕೆ ಬೇಕು ಇವರಿಗೆ?" ಎಂದರು ಸಾಹೇಬರು ಮ್ಯಾನೇಜರ ಕಡೆ ತಿರುಗಿ. "ಟೈರುಗಳಿಗೆ ಸ್ಟಾಪು ಕೂಗಿ ಎಬ್ಬಿಸೋಕಾ? ಆ ಬಸ್ಸು ಇವತ್ತು ಎಷ್ಟು ತುಂಬಿಕೊಂಡು ಹೋಯ್ತು ನೋಡಿದ್ರಾ? ಮೇಡಂ ಅಂಕಣ ಹೇಳ್ಲಿ. ಸ್ಟಾಪು ಇವರು ಕೂಗ್ಲಿ." ಗಾಂಭೀರ್ಯಕ್ಕೆಂದು ಅವರು ಮೀಸೆಯ ಮೇಲೆ ಕೈಯಾಡಿಸಿದರು. ಎಡಗಡೆ ಬೆರಳುಗಳಿಗೆ ಏನೂ ಸಿಗದೆ ಗಾಳಿಯನ್ನೇ ತಿರುವಿ ಕೆಳಗಿಳಿದವು.

ಅದನ್ನು ಕಂಡದ್ದೇ ರೈಟಣ್ಣನ ಹೊಟ್ಟೆಯೊಳಗೆ ಏನೋ ಸ್ಟಾರ್ಟಾಯಿತು. ಮೊದಲು ಭುಜ ಅಲುಗಿತು. ಆಮೇಲೆ ಬಾಯಿ ಬಿಟ್ಟಿತು. ಎರಡು ವಾರ ತಡೆದಿಟ್ಟ ನಗೆ ಹಿಂಬಾಗಿಲು ಮುಂಬಾಗಿಲು ಎರಡರಿಂದಲೂ ಒಟ್ಟಿಗೆ ಇಳಿಯಿತು. "ಕೈಕಟ್ಟಿ ನಿಂತಿದ್ದೆನಲ್ಲಾ... ಡಬ್ಬೀಗೆ... ಕಾಲೇಜಲ್ಲಿ ಇಳೀಬೇಡಿ ಅಂತ ಯಂತ್ರಕ್ಕೆ ಹೇಳಿದೆನಲ್ಲಾ..." ಎನ್ನುತ್ತ ಮೇಜು ಹಿಡಿದುಕೊಂಡು ಬಾಗಿದ. ಅವನ ಅಂಗೈ ಮೈಕಿನ ಗುಂಡಿಯ ಮೇಲೆಯೇ ಬಿದ್ದಿತ್ತು. ಚಿಲ್ಲರೆ ಅಕ್ಕ ನಕ್ಕಳು, ಕ್ಷೌರಿಕ ನಕ್ಕ, ಮ್ಯಾನೇಜರೂ ಸಾಹೇಬರ ಅನುಮತಿಗಾಗಿ ನೋಡಿ ಸ್ವಲ್ಪ ನಕ್ಕರು. ಆದರೆ ಒಂದನೇ ಅಂಕಣದಿಂದ ಐದನೆಯದರವರೆಗೆ ಕೇಳಿಸಿದ್ದು ಒಬ್ಬನ ನಗು ಮಾತ್ರ. ಅದು ಯಾವ ಬಸ್ಸಿನ ಘೋಷಣೆಯೆಂದು ಜನ ಒಬ್ಬರನ್ನೊಬ್ಬರು ಕೇಳಿದರು.

ಮೂರನೇ ಅಂಕಣಕ್ಕೆ ಆಗಷ್ಟೇ ಬಂದು ತುಂಬಿದ್ದ ಮುಂದಿನ ಬಸ್ಸಿನ ಡ್ರೈವರು ಮಾತ್ರ ಕೇಳಲಿಲ್ಲ. ಗೇರಿನ ಮೇಲೆ ಕೈಯಿಟ್ಟು, ತಲೆ ವಾಲಿಸಿ, ಆ ನಗು ಮುಗಿಯುವುದನ್ನೇ ಕಾದು ಕೂತ. ಇನ್ನೂ ರೈಟ್ ಅಂದಿರಲಿಲ್ಲವಲ್ಲ.